ಉಕ್ಕಿನ ಕದವೂ ಅಗ್ನಿಭಯವೂ

ಬಾಗಿಲೆಂದರೆ ಮರದ್ದೆಂಬುದೇ ನಮ್ಮ ಹಿರಿಯರ ಭಾವನೆ. ತೇಗವೋ ಹೊನ್ನೆಯೋ ಹಲಸೋ, ಬಲಿತ ಮರವೊಂದನ್ನು ಕೊಯ್ಯಿಸಿ, ಒಣಗಿಸಿ, ಒಳ್ಳೆಯ ಮುಹೂರ್ತದಲ್ಲಿ ಬಾಗಿಲುವಾಡವನ್ನು ನಿಲ್ಲಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮಗಳನ್ನಿಟ್ಟು ಪೂಜಿಸಿದ ಮೇಲೆಯೇ ಗೋಡೆ ಮೇಲೇಳುತ್ತಿದ್ದುದು. ಸಂಸ್ಕೃತದ ಅರ್ಗಲವು ಅಗುಳಿಯಾಗಿ ನಮ್ಮ ಅಜ್ಜಿಯರ ಬಾಯಲ್ಲಿ ಬಾಳಿದುದೂ ಈ ಮರದ ಕದದ ಹಿಂದೆಯೇ. ಹೀಗಿರಲು, ಈಗ ಪಟ್ಟಣಗಳಲ್ಲಿ ಏಳುತ್ತಿರುವ ಹತ್ತು ಹದಿನೈದು ಅಂತಸ್ತುಗಳ ಕಟ್ಟಡಗಳಲ್ಲಿ ಮೆಟ್ಟಿಲುಗಳ ಬಳಿ ಉಕ್ಕಿನ ಕದವನ್ನೂ ಉಕ್ಕಿನದೇ ಬಾಗಿಲುವಾಡವನ್ನೂ ಕಂಡವರು, ಇದು ಕಳ್ಳರ ಭಯಕ್ಕಾಗಿ ಇರಬೇಕೆಂದು ಊಹಿಸುವುದು ಸಹಜ. ಆದರೆ ಅದನ್ನು ನಿಲ್ಲಿಸಿರುವುದು ಕಳ್ಳನಿಗಾಗಿ ಅಲ್ಲ. ಬೆಂಕಿಗಾಗಿ, ಬೆಂಕಿಗಿಂತಲೂ ಮುಂದಾಗಿ ಓಡುವ ಹೊಗೆಗಾಗಿ.

ಬೆಂಕಿಯನ್ನು ತಡೆಯಲು ಕಬ್ಬಿಣವೇ ತಕ್ಕುದೆಂದು ಯಾರಿಗಾದರೂ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗಿರಣಿಯ ಯಜಮಾನರಿಗೂ ಹಾಗೆಯೇ ತೋರಿತ್ತು. ಆದರೆ ಬರಿಯ ಕಬ್ಬಿಣದ ತಗಡಿನ ಕದಗಳು ಕಾದೊಡನೆಯೇ ಸೊಟ್ಟಗಾಗಿ ಬಾಗಿಲುವಾಡದಿಂದ ಹೊರಕ್ಕೆ ಬಾಗುತ್ತಿದ್ದವು. ಆ ಸಂದಿನಲ್ಲಿ ಜ್ವಾಲೆಯು ನುಗ್ಗುತ್ತಿತ್ತು. ಇದರ ಲೆಕ್ಕವು ಕಠಿನವೇನೂ ಅಲ್ಲ. ಉಕ್ಕು ಒಂದೊಂದು ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೨ ಭಾಗದಷ್ಟು ಹಿಗ್ಗುತ್ತದೆ. ೨೧೦೦ ಮಿಲಿಮೀಟರು ಎತ್ತರದ ಕದದ ಒಂದು ಮೈ ಮಾತ್ರ ೫೦೦ ಡಿಗ್ರಿಯಷ್ಟು ಹೆಚ್ಚು ಕಾದರೆ ಆ ಮೈ ಸುಮಾರು ೧೨.೬ ಮಿಲಿಮೀಟರು ಬೆಳೆಯಲು ಹವಣಿಸುತ್ತದೆ. ತಣ್ಣಗಿರುವ ಇನ್ನೊಂದು ಮೈ ಬೆಳೆಯದು. ಆಗ ಕದವು ಬಿಲ್ಲಿನಂತೆ ಬಾಗದೆ ಇನ್ನೇನು ಮಾಡೀತು?

ಗಿರಣಿಗಳಿಗೆ ವಿಮೆಮಾಡುತ್ತಿದ್ದ ನ್ಯೂ ಇಂಗ್ಲೆಂಡಿನ ಸಂಸ್ಥೆಗಳವರು ಇದಕ್ಕೆ ಕಂಡುಕೊಂಡ ಪರಿಹಾರವು ವಿಚಿತ್ರವಾಗಿದೆ. ಬೆಂಕಿಯ ಆಹಾರವಾದ ಮರವನ್ನೇ ಅವರು ಬೆಂಕಿಗೆ ಅಡ್ಡವಾಗಿ ನಿಲ್ಲಿಸಿದರು. ಪೈನ್ ಮರದ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಎರಡು ಮೂರು ಪದರ ಜೋಡಿಸಿ, ಸುತ್ತಲೂ ತವರ ಲೇಪಿಸಿದ ತಗಡನ್ನು ಎಲ್ಲಿಯೂ ಸಂದಿಲ್ಲದಂತೆ ಮಡಿಸಿ ಹೊದಿಸಿದರು. ಬೆಂಕಿ ತಗುಲಿದಾಗ ಒಳಗಿನ ಮರ ಕರಿಕಾಗುತ್ತದೆ. ಆದರೆ ಗಾಳಿ ಸಿಕ್ಕದ ಕಾರಣ ಉರಿಯದು. ಆ ಕರಿಕೇ ಶಾಖವನ್ನು ತಡೆಯುವ ಹೊದಿಕೆಯಾಗುತ್ತದೆ. ಮರವು ಬಾಗದು, ತಗಡು ಸುಡದು. ಈ ಕದವನ್ನು ಇಳಿಜಾರಾದ ಕಂಬಿಯ ಮೇಲೆ ಗಾಲಿಯಿಂದ ತೂಗಹಾಕಿ, ಹಗ್ಗಕ್ಕೆ ಕಟ್ಟಿದ ಗುಂಡಿನ ಭಾರದಿಂದ ತೆರೆದೇ ಇರುವಂತೆ ಮಾಡುತ್ತಿದ್ದರು. ಹಗ್ಗದ ನಡುವೆ ಒಂದು ಸಣ್ಣ ಕೊಂಡಿ. ಅದರ ಬೆಸುಗೆಯು ಸುಮಾರು ೭೪ ಡಿಗ್ರಿಗೆ ಕರಗುವಂಥದು. ಕೊಂಡಿ ಕರಗಿತೋ, ಗುಂಡು ಬಿದ್ದಿತು; ಕದವು ತನ್ನ ಭಾರದಿಂದಲೇ ಉರುಳಿ ಮುಚ್ಚಿಕೊಂಡಿತು. ಕಾವಲುಗಾರನು ಓಡಿಹೋಗಿದ್ದರೂ ಕದವು ತನ್ನ ಕೆಲಸವನ್ನು ಬಿಡುತ್ತಿರಲಿಲ್ಲ.

ಆದರೆ ಗಿರಣಿಗೆ ಒಪ್ಪಿದ ಈ ಒರಟು ಕದವು ವಕೀಲರ, ಸಾಹುಕಾರರ ಕಚೇರಿಗೆ ಒಪ್ಪೀತೆ? ೧೯೦೪ನೆಯ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರದಲ್ಲಿ ಎದ್ದ ಮಹಾಗ್ನಿಯಲ್ಲಿ ೧೫೦೦ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅಗ್ನಿನಿರೋಧಕವೆಂದು ಹೆಸರಾಂತ ಎತ್ತರದ ಕಟ್ಟಡಗಳ ಉಕ್ಕಿನ ಅಸ್ಥಿಪಂಜರವು ಬಹುಮಟ್ಟಿಗೆ ನಿಂತೇ ಇತ್ತು. ಒಳಗಿನ ಮರದ ಬಾಗಿಲು, ಕಿಟಕಿ, ಪೀಠೋಪಕರಣಗಳೆಲ್ಲ ಬೂದಿಯಾಗಿದ್ದವು. ಮೈ ಉಳಿದು ಪ್ರಾಣ ಹೋದಂತಾಯಿತು. ಅದೇ ೧೯೦೪ರಲ್ಲಿಯೇ ಸ್ವೀಡನ್ ದೇಶದಿಂದ ಬಂದು ನೆಲೆಸಿದ್ದ ಚಾರಲ್ಸ್ ಡಾಲ್‌ಸ್ಟ್ರಮ್ ಎಂಬ ಕುಶಲಕರ್ಮಿಯು ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ ಲೋಹದ ಬಾಗಿಲುಗಳ ಕಾರ್ಖಾನೆಯನ್ನು ತೆರೆದನು. ಜೇಮ್ಸ್‌ಟೌನ್ ಮರದ ಪೀಠೋಪಕರಣಗಳಿಗೆ ಪ್ರಸಿದ್ಧವಾದ ಊರು. ಬಡಗಿಗಳ ಬೀಡಿನಲ್ಲಿಯೇ ಮರಕ್ಕೆ ಪ್ರತಿಸ್ಪರ್ಧಿ ಹುಟ್ಟಿತು. ತೆಳುವಾದ ಉಕ್ಕಿನ ತಗಡನ್ನು ಯಂತ್ರದಲ್ಲಿ ಒತ್ತಿ ಮಡಿಸಿ, ಒಳಗೆ ಟೊಳ್ಳಾಗಿರುವಂತೆ ಎರಡು ಮೈಗಳನ್ನು ಜೋಡಿಸಿ ಕದಮಾಡುವುದು ಇವನ ವಿಧಾನ. ಮೇಲೆ ಮರದ ನಾರಿನಂತೆಯೇ ಬಣ್ಣವೆಳೆದು ಬೇಯಿಸಿದರೆ, ಬೆರಳಿನಿಂದ ತಟ್ಟಿ ನೋಡುವವರೆಗೂ ಉಕ್ಕೆಂದು ತಿಳಿಯದು.

ಕಾಲವೂ ಇದಕ್ಕೆ ಅನುಕೂಲವಾಗಿತ್ತು. ನ್ಯೂಯಾರ್ಕಿನಲ್ಲಿ ೧೯೦೮ರಲ್ಲಿ ೬೧೨ ಅಡಿಗಳ ಸಿಂಗರ್ ಸೌಧವೂ ೧೯೧೩ರಲ್ಲಿ ೭೯೨ ಅಡಿಗಳ ವುಲ್‌ವರ್ತ್ ಸೌಧವೂ ಎದ್ದವು. ಅಗ್ನಿಶಾಮಕರ ಏಣಿಯು ಮುಟ್ಟಲಾಗದ ಎತ್ತರದಲ್ಲಿ ಮನುಷ್ಯನಿಗೆ ಮೆಟ್ಟಿಲೊಂದೇ ಗತಿ. ಮೆಟ್ಟಿಲನ್ನು ಕಾಯುವುದು ಅದರ ಕದ.

ಇಲ್ಲಿಯವರೆಗೆ ಹೇಳಿದುದು ಬೆಂಕಿಗೆ ಮುಚ್ಚುವ ಕದದ ಮಾತು. ಅದು ಮನುಷ್ಯನಿಗೆ ತೆರೆಯದಿದ್ದರೆ? ೧೯೦೩ನೆಯ ಡಿಸೆಂಬರ್ ೩೦ರಂದು ಷಿಕಾಗೊ ನಗರದ ಇರೊಕ್ವಾ ನಾಟಕಶಾಲೆಯಲ್ಲಿ ಆದುದು ಇದೇ. ಕಟ್ಟಡ ತೆರೆದು ಆರು ವಾರವೂ ಆಗಿರಲಿಲ್ಲ. ಬೆಂಕಿಯು ಇದನ್ನು ಮುಟ್ಟದೆಂದು ಜಾಹೀರಾತು ಬೇರೆ. ರಜೆಯ ಮಧ್ಯಾಹ್ನದ ಆಟಕ್ಕೆ ತಾಯಂದಿರೂ ಮಕ್ಕಳೂ ತುಂಬಿದ್ದರು. ಬೆಂಕಿ ಹತ್ತಿದಾಗ ಕೆಲವು ಬಾಗಿಲುಗಳು ಪರದೆಗಳ ಹಿಂದೆ ಮರೆಯಾಗಿದ್ದವು. ಕೆಲವಕ್ಕೆ ಯಾರಿಗೂ ಪರಿಚಯವಿಲ್ಲದ ಅಗುಳಿಗಳಿದ್ದವು. ಮೇಲಿನ ಅಗ್ಗದ ಆಸನದವರು ಕೆಳಗೆ ಬಂದು ಕೂಡದಂತೆ ಮೆಟ್ಟಿಲಿಗೆ ಕಬ್ಬಿಣದ ಜಾಲರಿಬಾಗಿಲಿಟ್ಟು ಬೀಗ ಹಾಕಿತ್ತು. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಕಟ್ಟಡ ಮಾತ್ರ ಬಹುಪಾಲು ಉಳಿಯಿತು. ಅಂದಿನ ಆಟಕ್ಕೆ ಹೋಗಬೇಕಾಗಿದ್ದು ತಪ್ಪಿಸಿಕೊಂಡ ಕಾರ್ಲ್ ಪ್ರಿನ್ಜ್‌ಲರ್ ಎಂಬ ಕಬ್ಬಿಣಸಾಮಾನಿನ ವ್ಯಾಪಾರಿಯು ಆ ಚಿಂತೆಯನ್ನು ಬಿಡಲಿಲ್ಲ. ಹೆನ್ರಿ ಡುಪಾಂಟ್ ಎಂಬ ಶಿಲ್ಪಿಯೊಡನೆ ಸೇರಿ, ೧೯೦೮ರಲ್ಲಿ, ಕದದ ಅಡ್ಡಕ್ಕೆ ಸೊಂಟದೆತ್ತರದಲ್ಲಿರುವ ಒಂದು ಸರಳನ್ನು ಬಳಕೆಗೆ ತಂದನು. ಮೈಭಾರದಿಂದ ಅದನ್ನು ಒತ್ತಿದರೆ ಸಾಕು, ಅಗುಳಿ ಬಿಟ್ಟು ಕದವು ಹೊರಕ್ಕೆ ತೆರೆಯುತ್ತದೆ. ಇಂದು ಲೋಕದ ಅನೇಕ ದೊಡ್ಡ ಕಟ್ಟಡಗಳಲ್ಲಿ ಇರುವುದು ಅದರ ಸಂತತಿಯೇ.

ಆದರೂ ಪಾಠವು ಒಂದೇ ಸಲಕ್ಕೆ ತಲೆಗೆ ಹತ್ತುವುದಿಲ್ಲವೆಂದು ನಲವತ್ತು ವರ್ಷ ಹುಡುಗರಿಗೆ ಕಲಿಸಿದ ನನಗೆ ಬೇರೆಯವರು ಹೇಳಬೇಕಾಗಿಲ್ಲ. ೧೯೧೧ನೆಯ ಮಾರ್ಚ್ ೨೫ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದ ಹುಡುಗಿಯರು ಬಟ್ಟೆಯ ತುಂಡನ್ನು ಕದ್ದೊಯ್ದಾರೆಂಬ ಶಂಕೆ. ಏಣಿಗಳು ಆರನೆಯ ಅಂತಸ್ತಿಗಿಂತ ಮೇಲೆ ಮುಟ್ಟಲಿಲ್ಲ. ಸತ್ತವರು ೧೪೬ ಜನ. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಯಜಮಾನರು ನ್ಯಾಯಾಲಯದಲ್ಲಿ ನಿರ್ದೋಷಿಗಳೆನಿಸಿ ಬಿಡುಗಡೆ ಹೊಂದಿದರು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಕೂಡದೆಂಬ ಕಟ್ಟಳೆಯು ಮೊದಲೇ ಇತ್ತು; ಅದನ್ನು ಪಾಲಿಸುವ ಕಟ್ಟುನಿಟ್ಟು ಆ ಚಿತೆಯಿಂದ ಎದ್ದುಬಂದಿತು.

ಈಗಿನ ಉಕ್ಕಿನ ಕದವು ಈ ಎರಡು ಧರ್ಮಗಳನ್ನೂ ಪಾಲಿಸಬೇಕಾಗಿದೆ. ಅದರ ಟೊಳ್ಳಿನಲ್ಲಿ ಶಾಖವನ್ನು ತಡೆಯುವ ಖನಿಜದ ಉಣ್ಣೆಯನ್ನೋ ಅಂಥದೇ ಬೇರೊಂದನ್ನೋ ತುಂಬುತ್ತಾರೆ. ಬಾಗಿಲುವಾಡವನ್ನು ಗೋಡೆಗೆ ಉಕ್ಕಿನ ಪಟ್ಟಿಗಳಿಂದ ಬಿಗಿದು, ಅನೇಕ ಕಡೆ ಹಿಂದಿನ ಟೊಳ್ಳಿಗೆ ಗಾರೆ ತುಂಬುತ್ತಾರೆ. ಕದಕ್ಕೂ ಬಾಗಿಲುವಾಡಕ್ಕೂ ನಡುವೆ ಇರುವ ಸಂದು ಸುಮಾರು ೩ ಮಿಲಿಮೀಟರಿನಷ್ಟು. ಕಾದಾಗ ಉಬ್ಬಿ ಆ ಸಂದನ್ನೂ ಮುಚ್ಚುವ ಪಟ್ಟಿಗಳೂ ಉಂಟು. ಪರೀಕ್ಷೆಯೆಂದರೆ ನಿಜವಾದ ಅಗ್ನಿಪರೀಕ್ಷೆಯೇ: ಕದವನ್ನು ಬಾಗಿಲುವಾಡದೊಡನೆ ಕುಲುಮೆಯ ಬಾಯಿಗೆ ನಿಲ್ಲಿಸಿ ಉರಿಹಚ್ಚುತ್ತಾರೆ. ಅಮೆರಿಕದ ಕ್ರಮದಲ್ಲಿ ಐದು ನಿಮಿಷಕ್ಕೆ ೫೩೮ ಡಿಗ್ರಿ, ಒಂದು ಗಂಟೆಗೆ ೯೨೭ ಡಿಗ್ರಿ ಏರಬೇಕು. ಎರಡು ಗಂಟೆ ತಡೆಯುವ ಗೋಡೆಗೆ ಅಲ್ಲಿ ಒಂದೂವರೆ ಗಂಟೆ ತಡೆಯುವ ಕದವು ಸಾಕು. ಗೋಡೆಗೆ ಒರಗಿಸುವಂತೆ ದಾರಿಗೆ ಯಾರೂ ಸಾಮಾನು ಪೇರಿಸುವುದಿಲ್ಲವೆಂಬುದು ಅದರ ಹಿಂದಿನ ನಂಬಿಕೆ. (ಈ ನಂಬಿಕೆಯನ್ನು ಹುಟ್ಟುಹಾಕಿದವರು ನಮ್ಮ ಕಟ್ಟಡಗಳ ಮೆಟ್ಟಿಲುಗಳನ್ನು ನೋಡಿರಲಾರರು.)

ಇಷ್ಟೆಲ್ಲ ಬಲವೂ ಕದದ ತಲೆಯ ಮೇಲಿರುವ, ತಾನಾಗಿ ಮುಚ್ಚಿಸುವ ಒಂದು ಸಣ್ಣ ಯಂತ್ರದಲ್ಲಿ ನಿಂತಿದೆ. ತೆರೆದಿರುವ ಕದವು ಉಕ್ಕಿನದಾದರೇನು, ಓಲೆಗರಿಯದಾದರೇನು? ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ೨೦೧೭ನೆಯ ಜೂನ್ ೧೪ರಂದು ೭೨ ಮಂದಿ ಮಡಿದ ಮೇಲೆ ನಡೆದ ವಿಚಾರಣೆಯಲ್ಲಿ, ಹಲವು ಮನೆಗಳ ಕದಗಳಿಗೆ ಈ ಯಂತ್ರವು ಇರಲೇ ಇಲ್ಲ, ಇಲ್ಲವೆ ಕೆಟ್ಟಿತ್ತು ಎಂದು ಹೊರಬಿದ್ದಿತು. ಅವು ಉಕ್ಕಿನವಲ್ಲ. ಅರ್ಧಗಂಟೆ ತಡೆಯಬೇಕಾಗಿದ್ದ ಅಂಥದೊಂದು ಕದವು ಪೊಲೀಸರ ಪರೀಕ್ಷೆಯಲ್ಲಿ ಸುಮಾರು ಕಾಲುಗಂಟೆ ಮಾತ್ರ ತಡೆಯಿತು.

ನಮ್ಮ ಬೆಂಗಳೂರಿನಲ್ಲಿ ೨೦೧೦ನೆಯ ಫೆಬ್ರವರಿ ೨೩ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡವು ಹೊಗೆಯಿಂದ ತುಂಬಿ ಒಂಬತ್ತು ಮಂದಿ ಪ್ರಾಣಬಿಟ್ಟರು; ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಹೊರಹೋಗುವ ದಾರಿಗಳಿಗೆ ಬೀಗವೂ ಅಡ್ಡಿಯೂ ಇದ್ದವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ದುಃಖದಿಂದ ಹುಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆಯು ಅಗ್ನಿರಕ್ಷಣೆಯ ಅರಿವನ್ನು ಹರಡುತ್ತ ಬಂದಿದೆ.

ಕಳೆದ ವರ್ಷ ಮಗಳ ಮನೆಯಲ್ಲಿ ಕೆಲವು ದಿನ ಇದ್ದೆ. ಅವರದು ಒಂಬತ್ತನೆಯ ಅಂತಸ್ತು. ಮೆಟ್ಟಿಲಿನ ಉಕ್ಕಿನ ಕದವನ್ನು ತುಳಸಿಯ ಕುಂಡವೊಂದನ್ನಿಟ್ಟು ತೆರೆದು ನಿಲ್ಲಿಸಿದ್ದರು. ಕೆಳಗಿನ ಕಾವಲಿನವನನ್ನು ಕರೆದು ಕೇಳಿದೆ. “ಗಾಳಿ ಆಡ್ಲಿ ಅಂತ ಸಾರ್, ಬಾಗಿಲು ಮುಚ್ಚಿದ್ರೆ ಧಡ್ ಅಂತ ಸದ್ದಾಗತ್ತೆ, ಮಕ್ಕಳು ಎದ್ಬಿಡ್ತಾವೆ ಅಂತ ಎದುರು ಮನೆ ಅಮ್ಮ ಇಟ್ಟವ್ರೆ” ಎಂದನು. ಆ ಅಮ್ಮನವರ ಬಳಿ ಹೋಗಿ, ಮಕ್ಕಳಿಗಾಗಿಯೇ ಈ ಕದವು ಮುಚ್ಚಿರಬೇಕೆಂದು, ಷಿಕಾಗೊದಿಂದ ಲಂಡನ್ನಿನವರೆಗಿನ ಕಥೆಯನ್ನೆಲ್ಲ ಹೇಳಿದೆ. ಸಾವಧಾನವಾಗಿ ಕೇಳಿ, ಕಾಫಿ ಕೊಟ್ಟು, ತುಳಸಿಯನ್ನು ಆಗಲೇ ಒಳಗೆ ತೆಗೆದುಕೊಂಡರು. ಮಾರನೆಯ ಬೆಳಿಗ್ಗೆ ಹಾಲು ತರಲೆಂದು ಹೊರಗೆ ಬಂದು ನೋಡುತ್ತೇನೆ: ಕುಂಡವಿದ್ದ ಜಾಗದಲ್ಲಿ ಒಂದು ಇಟ್ಟಿಗೆ. ಅದನ್ನು ತೆಗೆದು ಬದಿಗಿಟ್ಟೆ. ಕದವು ಧಡ್ಡೆಂದು ಮುಚ್ಚಿತು, ಒಳಗೆ ಮಗು ಅತ್ತಿತು. ಸಂಜೆ ಅಳಿಯನು ಕಟ್ಟಡದ ಸಂಘದವರಿಗೆ ಹೇಳಿ ಕೆಲಸಗಾರನನ್ನು ಕರೆಸಿದನು. ಅವನು ಏಣಿ ಹತ್ತಿ, ಯಂತ್ರದ ತಿರುಪನ್ನು ಎರಡು ಸುತ್ತು ಬಿಗಿದನು. ಅಂದಿನಿಂದ ಕದವು ಸದ್ದಿಲ್ಲದೆ ಮುಚ್ಚುತ್ತಿದೆ. ಇಟ್ಟಿಗೆಯು ತುಳಸಿಯ ಕುಂಡಕ್ಕೆ ಅಡಿಯಾಗಿ ಎದುರು ಮನೆಯ ಬಾಲ್ಕನಿಯಲ್ಲಿದೆ.