ಮಕ್ಕಳ ಪರೀಕ್ಷೆ, ಮನೆಯ ಕೊಯಿಲು

ಮಗನನ್ನೋ ಮಗಳನ್ನೋ ಮೊದಲ ವರ್ಷದ ಓದಿಗೆ ದೂರ ಕಳುಹಿಸಿದ ತಂದೆತಾಯಿಗಳ ಪಾಡು ತೋಟದವರಿಗೂ ಹೊಲದವರಿಗೂ ಒಂದೇ. ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರಲ್ಲಿ ನಾವು ಇದನ್ನು ಕಂಡೆವು.

ಅಲ್ಲಿಯ ಮಕ್ಕಳಲ್ಲಿ ಕೆಲವರು 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ, ಕೆಲವರು 2009ರಲ್ಲಿ ಆರಂಭವಾದ, ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರುತ್ತಾರೆ. ಸೇಡಂ, ಚಿತ್ತಾಪುರದವರಿಗೆ ವಾಡಿ ಜಂಕ್ಷನ್, ಶಹಾಬಾದ್ ಮಾರ್ಗವಾಗಿ ಕಲಬುರಗಿಗೆ ರೈಲುಂಟು. ಚಿಂಚೋಳಿಯವರಿಗೆ ಬಸ್ಸೇ ಗತಿ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯೂ ಅದರಲ್ಲೇ ಹೋಗಬೇಕು.

ತೊಗರಿಯ ರಾಶಿ ಡಿಸೆಂಬರ್, ಜನವರಿಯಲ್ಲಿ. ಮೊದಲ ಸೆಮಿಸ್ಟರಿನ ಪರೀಕ್ಷೆಯೂ ಎಷ್ಟೋ ಸಲ ಅದೇ ಹೊತ್ತಿಗೆ ಬೀಳುತ್ತದೆ. ಚಿತ್ತಾಪುರದ ಕಡೆಯ ತಂದೆಯೊಬ್ಬರು, “ಎರಡು ದಿನ ರಾಶಿಗೆ ಬಂದು ಹೋಗಪ್ಪಾ” ಎಂದು ಮಗನನ್ನು ಕರೆಸಿಕೊಂಡರಂತೆ. ಹುಡುಗ ಇಲ್ಲವೆನ್ನಲಾರದೆ ಬಂದ. “ಎರಡು ಆಳಿನ ಕೂಲಿ ಉಳಸ್ಲಾಕ ಹೋಗಿ ಮಗನ ಒಂದು ಪರೀಕ್ಷಾ ಕಳಕೊಂಡೆವ್ರಿ” ಎಂದು ನಮ್ಮೆದುರು ನೊಂದುಕೊಂಡರು.

ನಮ್ಮಲ್ಲಿಯೂ ಅರೇಬಿಕಾ ಹಣ್ಣು ಬಿಡಿಸುವುದು, ಅಡಿಕೆ ಕೊಯಿಲು ಇದೇ ತಿಂಗಳುಗಳಲ್ಲಲ್ಲವೇ? ಆದ್ದರಿಂದ ಸದಸ್ಯ ಬಾಂಧವರು ಪರೀಕ್ಷೆಯ ತಾರೀಖುಗಳನ್ನು ಮೊದಲೇ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಲಿ. ಆಳುಗಳನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಲಿ. ಖರ್ಚಿನ ಹಣ ಪ್ರತಿ ತಿಂಗಳೂ ಒಂದೇ ತಾರೀಖಿಗೆ ತಲುಪಲಿ. ಮೊದಲ ತಿಂಗಳಲ್ಲಿ ಮಗು ಫೋನಿನಲ್ಲಿ ಅತ್ತರೆ ಗಂಟುಮೂಟೆ ಕಟ್ಟಿಸಿ ಕರೆತರುವುದು ಬೇಡ. ಭಾನುವಾರ ಹೋಗಿ, ಜೊತೆಗೆ ಕುಳಿತು ಊಟ ಮಾಡಿ ಬನ್ನಿ. ಮನೆ ಬಿಕೋ ಎನ್ನುವುದು ನಿಜ. ಆ ಕಷ್ಟವನ್ನು ಈ ವರ್ಷ ನಾವೇ ಹೊರೋಣ; ಮಕ್ಕಳ ಮೇಲೆ ಹೊರಿಸುವುದು ಬೇಡ.