ಓದಿ ಕಲಿಯುವ ಕೈಕಾಳಗ

ಹಾಸನದ ಬಳಿಯ ಮೊಸಳೆಗೆ ಹೊಯ್ಸಳರ ಅವಳಿ ಗುಡಿಗಳನ್ನು ಕಾಣಲು ಹೋದವರು ಬೇಲೂರನ್ನೂ ನೋಡದೆ ಹಿಂದಿರುಗುವುದು ಅಪರೂಪ. ಅಲ್ಲಿಯ ದೇವಾಲಯದ ಬಾಗಿಲ ಬಳಿ ಸಳನು ಮೃಗದೊಡನೆ ಕಾದುತ್ತಿದ್ದಾನೆ. ಹುಲಿಯೋ ಸಿಂಹವೋ ಎಂಬ ಚರ್ಚೆ ನಮಗಿಲ್ಲಿ ಬೇಡ. ಶಿಲ್ಪಿಯು ಕೊಟ್ಟಿರುವುದು ಒಂದು ಕ್ಷಣ ಮಾತ್ರ. ಅದರ ಹಿಂದಿನ ಹೆಜ್ಜೆಯೂ ಮುಂದಿನ ಹೊರಳೂ ಕಲ್ಲಿನಲ್ಲಿಲ್ಲ.

ಸೈನಿಕರ ಕೈಕಾಳಗದ ಕೈಪಿಡಿಗಳ ಕೊರತೆಯೂ ಇದೇ. ಶಾಂಘೈ ಪೊಲೀಸಿನಲ್ಲಿ ನುರಿತು, ಬ್ರಿಟಿಷ್ ಕಮಾಂಡೊಗಳಿಗೆ ಗುರುವಾದ ಫೇರ್‌ಬೇರ್ನ್ 1942ರಲ್ಲಿ ಇಂತಹ ಸಚಿತ್ರ ಪುಸ್ತಕವೊಂದನ್ನು ಪ್ರಕಟಿಸಿದನು. ಕೈಯನ್ನು ಎಲ್ಲಿಡಬೇಕೆಂಬುದನ್ನು ಚಿತ್ರವು ತೋರಿಸೀತು. ಎಷ್ಟು ಒತ್ತಬೇಕೆಂಬುದನ್ನು ತೋರಿಸಲಾರದು. ಕತ್ತಿನ ಎರಡು ಪಕ್ಕದ ರಕ್ತನಾಳಗಳನ್ನು ಬಲವಾಗಿ ಅದುಮಿದರೆ ಸುಮಾರು 10 ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ; ಬಿಡಲು ತಡವಾದರೆ ಪ್ರಾಣಕ್ಕೇ ಅಪಾಯ. ಅಂಗಳದಲ್ಲಿ ಪುಸ್ತಕ ತೆರೆದಿಟ್ಟು ತಮ್ಮನ ಕತ್ತಿನ ಮೇಲೆ ಅಭ್ಯಾಸ ಹೂಡುವ ಉತ್ಸಾಹಿಗಳು ಇದನ್ನು ಮೊದಲು ಅರಿಯತಕ್ಕದ್ದು.

ನಮ್ಮ ನಾಡಿನ ಹಳೆಯ ಗ್ರಂಥಕಾರರಿಗೆ ಈ ಮಿತಿ ತಿಳಿದಿದ್ದಿತೆಂದು ತೋರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಪ್ರಕರಣವುಂಟು. ಪಟ್ಟುಗಳೊಂದೇ ಅಲ್ಲ, ಮಲ್ಲರ ಆಹಾರವೂ ಶ್ರಮಗಳೂ ಅದರಲ್ಲಿ ಬಂದಿವೆ: ಭಾರವೆತ್ತುವುದು, ನಡಿಗೆ, ಈಜು, ತೋಳಿಗೆ ತೋಳು ಕೊಟ್ಟು ನೂಕುವುದು, ಕಂಬದ ಸಾಧನೆ. ಇವುಗಳಲ್ಲಿ ತೋಳಿನ ಶ್ರಮವೇ ನಮಗೆ ಮುಖ್ಯವಾಗಿ ಕಾಣುತ್ತದೆ. ಎದುರಾಳಿಯ ಭಾರ ಯಾವ ಕಾಲಿಗೆ ಬಿದ್ದಿದೆ, ಅವನು ಎಂದು ಸಡಿಲುವನು ಎಂಬುದು ಕಣ್ಣಿಗಿಂತ ಮೊದಲು ತೋಳಿಗೆ ತಿಳಿಯುತ್ತದೆ. ಗರಡಿಯ ಉಸ್ತಾದರ ಕಣ್ಣೆದುರಿಗೆ ಇದನ್ನು ಸಾಧಿಸಿದವನು ಸಂಜೆ ಮನೆಗೆ ಬಂದು ಕೈಪಿಡಿಯನ್ನು ತೆರೆದರೆ, ಬೆಳಗ್ಗೆ ತಾನು ತಪ್ಪಿದ ಹೆಜ್ಜೆಯನ್ನು ಅದರಲ್ಲಿ ಗುರುತಿಸಬಲ್ಲನು.