ಅಂಗಳಕ್ಕೆ ಏನು ಹಾಸೋದು? ಮರದ ಡೆಕ್, ಡಬ್ಲ್ಯುಪಿಸಿ, ಇಂಟರ್‌ಲಾಕ್, ಕಲ್ಲು: ಮಲೆನಾಡ ಮಳೆಗೆ ತಡೆಯೋದು ಯಾವುದು?

ತೀರ್ಥಹಳ್ಳಿ: ಮೊಬೈಲ್‌ನಲ್ಲಿ ರೀಲ್ಸ್ ನೋಡಿ ಮನೆ ಮುಂದಿನ ಹೂದೋಟಕ್ಕೆ ‘ಡೆಕ್’ ಹಾಕಿಸೋ ಆಸೆ ಈಗ ತಾಲೂಕುಗಳಿಗೂ ಬಂದಿದೆ. ಹಲಗೆ ಹಾಸಿ, ಮೇಲೆ ಎರಡು ಬೆತ್ತದ ಕುರ್ಚಿ, ಪಕ್ಕಕ್ಕೆ ಆಂಥೂರಿಯಂ ಕುಂಡ. ನೋಡೋಕೆ ಚಂದವೇ. ಆದರೆ ಆ ವಿಡಿಯೊಗಳಲ್ಲಿ ಮಳೆ ಇರೋದಿಲ್ಲ.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7 ಸಾವಿರ ಮಿ.ಮೀ. ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಅಂಗಳ ಒಣಗೋದೇ ಅಪರೂಪ. ಹಾಗಾಗಿ ಅಂಗಡಿಯಲ್ಲಿ ಬಣ್ಣ, ಡಿಸೈನ್ ನೋಡೋಕೆ ಮುಂಚೆ ಪಾಚಿ ಲೆಕ್ಕ ಹಾಕಬೇಕು. ವಯಸ್ಸಾದವರು ಬೆಳಗ್ಗೆ ಹೂವು ಕೊಯ್ಯೋಕೂ ಕೊಟ್ಟಿಗೆಗೂ ಇದೇ ಅಂಗಳ ದಾಟಿ ಹೋಗ್ತಾರೆ. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಆಪರೇಷನ್ ಖರ್ಚು ಒಂದು ಕಡೆ, ತಿಂಗಳುಗಟ್ಟಲೆ ಹಾಸಿಗೆ ಇನ್ನೊಂದು ಕಡೆ.

ಮರ: ಚಂದ, ಆದರೆ ಚಾಕರಿ ಜಾಸ್ತಿ

ಹಲಗೆ ಹಾಸೋದು ಮಲೆನಾಡಿಗೆ ಹೊಸದೇನಲ್ಲ. ಕೆಸರು ದಾಟೋಕೆ ಅಡಿಕೆ ದಬ್ಬೆ, ಹಳ್ಳ ದಾಟೋಕೆ ಸಂಕ ಹಾಕಿಕೊಂಡು ಬಂದ ಊರುಗಳಿವು. ದಬ್ಬೆ ಎಷ್ಟು ಬೇಗ ಕುಂಬಾಗುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ಸಾಗವಾನಿ, ಹೊನ್ನೆಯಂಥ ಮರದ ಚೇಗು ಹೊರಗಡೆ ಚೆನ್ನಾಗಿ ಬಾಳಿಕೆ ಬರುತ್ತದೆ. ಆದರೆ ಅದೇ ಮರದ ಹೊರಗಿನ ಬಿಳಿ ಭಾಗ ಸೇರಿಸಿ ಕುಯ್ದ ಹಲಗೆ ಕೊಟ್ಟರೆ ವರಲೆಗೆ ಊಟ ಹಾಕಿದ ಹಾಗೆ. ಹಲಗೆ ತಗೊಳ್ಳುವಾಗ ಅಂಚು ನೋಡಿ, ಬಿಳಿ ಪಟ್ಟಿ ಕಂಡರೆ ಬದಿಗಿಡಿ.

ಮರ ಮಣ್ಣಿಗೆ ತಾಗಲೇಬಾರದು. ಕೆಳಗೆ ಕಲ್ಲು ಅಥವಾ ಕಾಂಕ್ರೀಟ್ ಗುಜ್ಜು ಕೊಟ್ಟು, ಗಾಳಿ ಆಡೋಕೆ ಜಾಗ ಬಿಟ್ಟು, ಹಲಗೆ ಹಲಗೆಗೆ ಸುಮಾರು 5 ಮಿ.ಮೀ. ಸಂದು ಇಡಬೇಕು. ಕೂರಿಸೋಕೆ ಮೊದಲೇ ನಾಲ್ಕೂ ಮೈಗೆ ಎಣ್ಣೆ ಹಚ್ಚಬೇಕು, ಆಮೇಲೆ ಪ್ರತಿ ಬೇಸಿಗೆಯಲ್ಲೂ ಮೇಲ್ಮೈಗೆ ಹಚ್ಚುತ್ತಿರಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ದೇ ಆಗಬೇಕು, ಸಾದಾ ಕಬ್ಬಿಣದ್ದು ತುಕ್ಕು ಹಿಡಿದು ಮರಕ್ಕೂ ಕಪ್ಪು ಇಳಿಸುತ್ತದೆ. ಇನ್ನು ‘ನಮ್ಮ ತೋಟದ್ದೇ ಸಾಗವಾನಿ ಇದೆಯಲ್ಲ’ ಅನ್ನೋರು ಒಂದು ವಿಷಯ ನೆನಪಿಡಬೇಕು: ಸ್ವಂತ ಜಮೀನಿನ ಸಾಗವಾನಿ ಕಡಿಯೋಕೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಅನುಮತಿ ಬೇಕು. ಹಳೇ ಮನೆ ಬಿಚ್ಚಿದ ಮರ ಸಿಕ್ಕರೆ ಒಳ್ಳೇದು, ಅದು ಆಗಲೇ ಹದವಾಗಿ ಒಣಗಿರುತ್ತದೆ.

ಡಬ್ಲ್ಯುಪಿಸಿ ಅಂದ್ರೆ ಏನು?

ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಎರಕ ಹೊಯ್ದ ಹಲಗೆ. ವರಲೆ ಅಷ್ಟಾಗಿ ಮುಟ್ಟೋದಿಲ್ಲ, ಎಣ್ಣೆ ಹಚ್ಚೋ ಕೆಲಸ ಇಲ್ಲ. ಅಂಗಡಿಯವರು ಇದನ್ನೇ ಹೇಳಿ ಮಾರುತ್ತಾರೆ, ಅದು ಸುಳ್ಳಲ್ಲ. ಹೇಳದೇ ಬಿಡೋ ಸಂಗತಿ ಬೇರೆ ಇವೆ. ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಇಡೋಕಾಗದಷ್ಟು ಕಾಯುತ್ತದೆ. ಕಾದಾಗ ಉದ್ದ ಬೆಳೆಯುತ್ತದೆ, ಹಾಗಾಗಿ ತುದಿಯಲ್ಲಿ ಸಂದು ಬಿಡದೆ ಜೋಡಿಸಿದರೆ ಸೊಟ್ಟಗಾಗಿ ಮೇಲೇಳುತ್ತದೆ. ಹಲಗೆಗೆ ಪಾಚಿ ಹಿಡಿಯಲ್ಲ ಅಂದರೂ, ಅದರ ಮೇಲೆ ಬಿದ್ದ ಎಲೆ, ಧೂಳಿಗೆ ಹಿಡಿದೇ ಹಿಡಿಯುತ್ತದೆ.

ಬಾಗಿಲ ಚೌಕಟ್ಟು, ಅಡುಗೆಮನೆ ಕಪಾಟಿಗೆ ಬಳಸೋ ಡಬ್ಲ್ಯುಪಿಸಿ ಶೀಟೇ ಬೇರೆ, ಹೊರಗಡೆಯ ಡೆಕ್ ಹಲಗೆಯೇ ಬೇರೆ. ಎರಡಕ್ಕೂ ಹೆಸರು ಒಂದೇ ಆಗಿರೋದರಿಂದ ಮೋಸ ಹೋಗೋದು ಸುಲಭ. ಬಿಲ್‌ನಲ್ಲಿ ‘ಹೊರಾಂಗಣ ಡೆಕ್ಕಿಂಗ್’ ಅಂತಲೇ ಬರೆಸಿಕೊಳ್ಳಿ, ವಾರಂಟಿ ಚೀಟಿ ಇಟ್ಟುಕೊಳ್ಳಿ. ಕೆಳಗಿನ ಫ್ರೇಮ್ ಖರ್ಚನ್ನೂ ಮೊದಲೇ ಕೇಳಿ: ಸುಮಾರು ಒಂದಡಿಗೊಂದು ಅಡ್ಡಪಟ್ಟಿ ಬೇಕಾಗುತ್ತದೆ, ಚದರಡಿ ದರದಲ್ಲಿ ಎಷ್ಟೋ ಸಲ ಇದು ಸೇರಿರೋದಿಲ್ಲ.

ಇಂಟರ್‌ಲಾಕ್ ಮತ್ತು ಕಲ್ಲು

ಹೆಚ್ಚಿನ ಮನೆಗಳಿಗೆ ಲೆಕ್ಕಕ್ಕೆ ಕೂರೋದು ಇವೇ. ನಡೆದಾಡೋ ಜಾಗಕ್ಕಷ್ಟೇ ಆದರೆ 50 ಮಿ.ಮೀ. ದಪ್ಪದ ಇಂಟರ್‌ಲಾಕ್ ಸಾಕು. ಕಾರು ಬರುವುದಾದರೆ 60, ಅಂಗಡಿ ಮುಂದೆ ಲೋಡಿನ ಗಾಡಿ ನಿಲ್ಲುವುದಾದರೆ 80 ಮಿ.ಮೀ. ಹಾಕಿಸಿ. ಕೆಳಗೆ ಜಲ್ಲಿ ಹಾಕಿ, ಗುದ್ದಿ, ಮರಳು ಹಾಸಿದ್ದರೆ ಸಂದಿನಿಂದ ಒಂದಿಷ್ಟು ನೀರು ನೆಲಕ್ಕೆ ಇಳಿಯುತ್ತದೆ. ಬಾವಿ ಇರೋ ಮನೆಗೆ ಇದು ಒಳ್ಳೇದು. ಮಣ್ಣು ಗುದ್ದದೆ ಅವಸರಕ್ಕೆ ಹಾಸಿದರೆ ಒಂದೇ ಮಳೆಗಾಲಕ್ಕೆ ಗುಂಡಿ ಬೀಳುತ್ತದೆ, ಆಗ ಬೈಯೋದು ಇಟ್ಟಿಗೆಯನ್ನ!

ಕಲ್ಲಿನ ವಿಷಯದಲ್ಲಿ ಪಾಲಿಶ್ ಮಾಡಿದ್ದು ಬೇಡ. ಉಳಿಯಿಂದ ಒರಟು ಮಾಡಿದ ಗ್ರಾನೈಟ್ ಚಪ್ಪಡಿ ಕಾಲಿಗೆ ಹಿಡಿತ ಕೊಡುತ್ತದೆ, ತಲೆಮಾರು ಬಾಳುತ್ತದೆ. ಜಂಬಿಟ್ಟಿಗೆ ನೋಡೋಕೆ ಊರಿನ ಕಲ್ಲೇ ಆದರೂ ನೀರು ಹೀರಿಕೊಂಡು ಬೇಗ ಪಾಚಿಗಟ್ಟುತ್ತದೆ. ಅದು ಗೋಡೆಗಿರಲಿ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅಗ್ಗ, ಆದರೆ ಅದು ಸುಣ್ಣದ ಕಲ್ಲು. ಬಾತ್‌ರೂಮಿನ ಆಸಿಡ್ ಸುರಿದು ತೊಳೆದರೆ ಮೈ ತಿಂದುಹೋಗುತ್ತದೆ. ಟೈಲ್ಸೇ ಬೇಕು ಅನ್ನೋರು ಡಬ್ಬಿ ಮೇಲೆ ಜಾರುವಿಕೆಯ ಗುರುತು ನೋಡಲಿ: ಮಳೆ ಬೀಳೋ ಕಡೆಗೆ ‘ಆರ್ 11’ ಅಥವಾ ಅದಕ್ಕಿಂತ ಮೇಲಿನದು. ‘ಆರ್ 9’ ಒಳಮನೆಗೆ.

ಅಡಿಕೆ ಒಣಗಿಸೋರ ಅಂಗಳಕ್ಕೆ ಡೆಕ್ ಸರಿಹೋಗೋದಿಲ್ಲ. ಚೊಗರಿನ ಕಲೆ ಮರಕ್ಕಾಗಲಿ ತಿಳಿ ಬಣ್ಣದ ಇಂಟರ್‌ಲಾಕ್‌ಗಾಗಲಿ ಹಿಡಿದರೆ ಹೋಗೋದು ಕಷ್ಟ. ಅಂಥವರು ಮನೆ ಪಕ್ಕದಲ್ಲಿ, ಮಾಡಿನ ಕೆಳಗೆ ಒಂದು ಮೂಲೆಗೆ ಮಾತ್ರ ಹಲಗೆ ಹಾಸಿಕೊಂಡು, ಅಂಗಳವನ್ನು ಕಡು ಬಣ್ಣದಲ್ಲೇ ಬಿಡಬಹುದು.

ಯಾವುದನ್ನೇ ಹಾಸಿದರೂ ಇಳಿಜಾರು ಬೇಕೇ ಬೇಕು. ಹತ್ತು ಅಡಿಗೆ ಒಂದೂವರೆ ಇಂಚು ಇಳಿಸೋಕೆ ಮೇಸ್ತ್ರಿಗೆ ಮೊದಲೇ ಹೇಳಿ, ಒಂದು ಬಕೆಟ್ ನೀರು ಸುರಿದು ಹರಿಯುತ್ತಾ ಅಂತ ನೋಡಿಯೇ ಪೂರ್ತಿ ದುಡ್ಡು ಕೊಡಿ. ನೀರು ಮನೆ ಗೋಡೆ ಕಡೆಗೆ ತಿರುಗಬಾರದು.

ಪಾಚಿ ತೆಗೆಯೋಕೆ ಗಟ್ಟಿ ಬ್ರಷ್ಷು, ನೀರು ಮೊದಲು. ಆಗದಿದ್ದರೆ ಕಲ್ಲು, ಸಿಮೆಂಟ್ ನೆಲಕ್ಕೆ ತೆಳ್ಳಗೆ ಕಲಸಿದ ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಬಹುದು, ಬಾವಿಕಟ್ಟೆ ಮತ್ತು ಗಿಡದ ಬುಡದ ಹತ್ತಿರ ಬೇಡ. ಬ್ಲೀಚಿಂಗ್ ಹಾಕಿದ ಕಡೆ ಆಸಿಡ್ ಸುರಿಯಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ.